ಬಾಲಕ್ಕೆ ಹಾಕಿದ ಬೆಸುಗೆ

ನನಗೆ ಸಿಟ್ಟು ಮೊದಲು ಕೈಗೆ ಬರುತ್ತದೆ, ತಲೆಗೆ ಆಮೇಲೆ. ತಲೆಗೆ ಬರುವಷ್ಟರಲ್ಲಿ ಏನಾದರೊಂದು ನೆಲದ ಮೇಲೆ ಚೂರಾಗಿ ಬಿದ್ದಿರುತ್ತದೆ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ ಎಂದು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಆದರೆ ಮಿಕ್ಸಿ ಒಡೆದಿದ್ದೇನೆ. ಎರಡು ಮೊಬೈಲು ಬಾವಿಗೆ ಎಸೆದಿದ್ದೇನೆ. ಬಚ್ಚಲಿನ ಹಂಡೆಯನ್ನು ಒದ್ದು ನನ್ನದೇ ಕಾಲಿನ ಬೆರಳು ಮುರಿದುಕೊಂಡಿದ್ದೇನೆ. ಪ್ರತಿ ಸಲವೂ ಚೂರುಗಳನ್ನು ಗುಡಿಸುತ್ತಿದ್ದವಳು ಅವಳು. ಗುಡಿಸುವಾಗ ಅವಳ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಮನೆ ಪುತ್ತಿಗೆಯ ಹತ್ತಿರ, ಪದವಿನ ಮೇಲೆ. ಪದವು ಎಂದರೆ ಮರವಿಲ್ಲದ ಕಲ್ಲುಹಾಸಿನ ಬಯಲು. ಮಳೆಗಾಲದಲ್ಲಿ ಪಡುವಣ ಗಾಳಿ ಅಲ್ಲಿ ಯಾರನ್ನೂ ಕೇಳದೆ ಬಂದು ಗೋಡೆಗೆ ಗುದ್ದುತ್ತದೆ. ಮೂಡುಬಿದಿರೆ ಪೇಟೆಯಲ್ಲಿ ನನ್ನದು ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಅಂಗಡಿ. ಹೆಂಡತಿ ಮನೆಯಲ್ಲಿ ಊರ ಕೋಳಿಯ ಮರಿ ಮಾಡಿ ಮಾರುತ್ತಾಳೆ. ಒಂದು ಮರದ ಪೆಟ್ಟಿಗೆ, ಒಳಗೆ ಕಾವಿಗೆ ನಾಲ್ಕು ಬಲ್ಬು, ಒಂದು ಸಣ್ಣ ಫ್ಯಾನು, ಗಾಜಿನ ಕಿಂಡಿಯಲ್ಲಿ ಕಾಣುವ ಥರ್ಮಾಮೀಟರು. ಪೆಟ್ಟಿಗೆ ಮಾಡಿಕೊಟ್ಟವನು ನಾನು, ನಡೆಸುವವಳು ಅವಳು. ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮೊದಲ ಸಲ ಮರಿಯಾಗುವ ದಿನ ನಾನು ಪೆಟ್ಟಿಗೆಯ ಎದುರು ಕುಳಿತಿದ್ದೆ. ಒಂದು ಮೊಟ್ಟೆಯಲ್ಲಿ ಸಣ್ಣ ಬಿರುಕು ಕಂಡಿತು. ಒಳಗಿನ ಮರಿ ಕುಟ್ಟುತ್ತದೆ, ನಿಲ್ಲಿಸುತ್ತದೆ, ಮತ್ತೆ ಕುಟ್ಟುತ್ತದೆ. ಅರ್ಧ ದಿನ ಕಳೆದರೂ ಅಷ್ಟೇ. ನನಗೆ ತಡೆಯಲಾಗದೆ ಉಗುರಿನಿಂದ ಚಿಪ್ಪು ಕಿತ್ತು ತೆಗೆದೆ. ಪೊರೆಯ ಜೊತೆಗೆ ರಕ್ತ ಬಂತು. ಮರಿ ನನ್ನ ಅಂಗೈಯಲ್ಲೇ ಸತ್ತಿತು. "ಅದು ಒಳಗಿಂದ ಒಡೆಯಬೇಕು. ನಾವು ಒಡೀಲಿಕ್ಕಿಲ್ಲ" ಎಂದು ಅವಳು ಆ ದಿನವೇ ಹೇಳಿದ್ದಳು.

ಈಗ ಹೇಳಬೇಕಾದ ವರ್ಷದಲ್ಲಿ, ಮಳೆ ಹಿಡಿದ ಮೊದಲ ವಾರವೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಪೆಟ್ಟಿಗೆಯಲ್ಲಿ ಹತ್ತೊಂಬತ್ತನೆಯ ದಿನದ ಮೊಟ್ಟೆಗಳಿದ್ದವು. ಒಂದು ದಿನ ಇನ್ವರ್ಟರು ಹೇಗೋ ಎಳೆಯಿತು. ಮರುದಿನ ಮಧ್ಯಾಹ್ನ ಅದು ಕೀಂ ಕೀಂ ಎಂದು ಕೂಗಲು ಶುರು ಮಾಡಿತು. ಹೆಂಡತಿ ಬಾಟಲಿಗಳಿಗೆ ಬಿಸಿನೀರು ತುಂಬಿಸಿ ಪೆಟ್ಟಿಗೆಯ ಸುತ್ತ ಇಡುತ್ತಿದ್ದಳು.

"ಬ್ಯಾಟರಿ ಬಿಚ್ಚಿ ಅಂಗಡಿಗೆ ಕೊಂಡುಹೋಗಿ. ಪೇಟೆಯಲ್ಲಿ ಕರೆಂಟ್ ಉಂಟಂತೆ" ಎಂದಳು.

"ಹೋಗ್ತೇನೆ" ಎಂದೆ. ನಾನು ಬೆಳಗಿನಿಂದ ಲೈನ್‌ಮ್ಯಾನಿಗೆ ಫೋನು ಮಾಡುತ್ತಿದ್ದೆ. ಆತ ಎತ್ತುತ್ತಿರಲಿಲ್ಲ. ಇನ್ವರ್ಟರು ಮತ್ತೆ ಕೂಗಿತು. ಬಾಗಿಲ ಮೂಲೆಯಲ್ಲಿ ಗ್ರಿಲ್ಲಿಗೆಂದು ತಂದಿಟ್ಟ ಕಬ್ಬಿಣದ ಸರಳಿತ್ತು. ಅದು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಒಂದೇ ಏಟಿಗೆ ಕೂಗು ನಿಂತಿತು. ನಿಂತ ಮೇಲೂ ನಾನು ನಿಲ್ಲಿಸಲಿಲ್ಲ. ಮೂರನೆಯ ಏಟಿಗೋ ನಾಲ್ಕನೆಯದಕ್ಕೋ ಇನ್ವರ್ಟರು ಗೋಡೆಯಿಂದ ಕಿತ್ತುಬಂದು ಕೆಳಗೆ ಬಿತ್ತು. ಅದರ ವಯರು ಪೆಟ್ಟಿಗೆಗೆ ಸುತ್ತಿಕೊಂಡಿತ್ತು. ಬೆಂಚಿನ ಮೇಲಿದ್ದ ಪೆಟ್ಟಿಗೆಯೂ ಅದರ ಹಿಂದೆಯೇ ಬಂತು.

ಹತ್ತೊಂಬತ್ತನೆಯ ದಿನದಲ್ಲಿ ಚಿಪ್ಪಿನೊಳಗೆ ಇರುವುದು ಮೊಟ್ಟೆಯಲ್ಲ, ಮರಿ. ಕೊಕ್ಕು ಇರುತ್ತದೆ, ಒದ್ದೆ ಪುಕ್ಕ ಇರುತ್ತದೆ. ಸಿಮೆಂಟು ನೆಲದ ಮೇಲೆ ಕೆಲವು ಕಾಲು ಆಡಿಸುತ್ತಿದ್ದವು. ಒಂದು ಬಾಯಿ ತೆರೆದು ಮುಚ್ಚಿತು, ಶಬ್ದ ಬರಲಿಲ್ಲ. ನಾನು ಸರಳು ಹಿಡಿದುಕೊಂಡೇ ನಿಂತಿದ್ದೆ. ಹೆಂಡತಿ ಕುಕ್ಕುರುಗಾಲಿನಲ್ಲಿ ಕುಳಿತು ಅವು ಒಂದೊಂದಾಗಿ ನಿಶ್ಚಲವಾಗುವವರೆಗೆ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಚೀಲಕ್ಕೆ ನಾಲ್ಕು ಸೀರೆ ತುಂಬಿಸಿದಳು.

"ಈ ಸಲ ನೀವೇ ಗುಡಿಸಿ" ಎಂದಳು.

ಬಸ್‌ಸ್ಟ್ಯಾಂಡಿನವರೆಗೆ ಅವಳ ಹಿಂದೆಯೇ ಹೋದೆ. ದಾರಿಯಲ್ಲಿ ನೆರೆಮನೆಯ ಹೆಂಗಸು, "ಎಲ್ಲಿಗೆ ಹೊರಟದ್ದು ಅಕ್ಕ?" ಎಂದು ಕೇಳಿದಳು. "ಆಟಿ ಕೂತುಕೊಳ್ಳಲಿಕ್ಕೆ" ಎಂದಳು ನನ್ನ ಹೆಂಡತಿ. ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣು ಮಳೆ ಜೋರಿರುವ ಆಟಿ ತಿಂಗಳಲ್ಲಿ ತವರಿಗೆ ಹೋಗಿ ಕೂರುವ ಪದ್ಧತಿ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು, ಅದೂ ಆಟಿಗೆ ಒಂದು ತಿಂಗಳಿರುವಾಗ, ಚೀಲ ಹಿಡಿದು ಹೊರಟದ್ದನ್ನು ಕಂಡು ಆ ಹೆಂಗಸು ನಕ್ಕಳು. ಹೆಂಡತಿ ನಗಲಿಲ್ಲ.

ಬಸ್ಸು ಬರುವ ಮೊದಲು ನಾನು ಹೇಳಿದೆ: "ಇನ್ನು ಕರೆಂಟಿನ ಹಂಗೇ ಬೇಡ. ಪದವಿನಲ್ಲಿ ಬೇಕಾದಷ್ಟು ಗಾಳಿ ಉಂಟು. ಗಾಳಿಯಿಂದ ಕರೆಂಟ್ ಮಾಡ್ತೇನೆ. ಮೊಬೈಲಲ್ಲಿ ನೋಡಿದ್ದೇನೆ."

ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು: "ಎಂತ ಬೇಕಾದ್ರೂ ಮಾಡಿ. ನಿಮ್ಮ ಕೈಯಿಂದ ಮಾಡಿದ್ದು, ನಿಮ್ಮ ಕೈಯಿಂದಲೇ ಒಡೆಯದೆ, ಆಟಿ ಮುಗಿಯುವವರೆಗೆ ನಿಂತರೆ ಬರ್ತೇನೆ. ಒಡೆದ್ರೆ ಬರುವುದಿಲ್ಲ."

ಅಷ್ಟು ಹೇಳಿ ಅವಳು ಅಳದಂಗಡಿಯ ತನ್ನ ಅಣ್ಣನ ಮನೆಗೆ ಹೋದಳು. ನಾನು ಮನೆಗೆ ಬಂದು ಗುಡಿಸಿದೆ. ಗುಡಿಸುವುದು ಅಷ್ಟು ಹೊತ್ತು ಹಿಡಿಯುವ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಬಂಟ್ವಾಳದ ಗುಜರಿ ಅಂಗಡಿಯಲ್ಲಿ ಹಳೆಯ ಓಮ್ನಿ ವ್ಯಾನಿನ ಚಕ್ರದ ನಡುವಿನ ಹಬ್ಬು ಸಿಕ್ಕಿತು. ಅದರ ಬೇರಿಂಗ್ ಇನ್ನೂ ಗಟ್ಟಿಯಿತ್ತು. ಅದೇ ಬೀದಿಯಲ್ಲಿ ಪಂಪಿನ ಮೋಟರು ವೈಂಡಿಂಗ್ ಮಾಡುವ ಬ್ಯಾರಿ ಮುಸ್ಲಿಮರೊಬ್ಬರಿದ್ದರು; ಗಲ್ಫಿನಲ್ಲಿ ದೊಡ್ಡ ಜನರೇಟರುಗಳ ನಡುವೆ ಆಯುಸ್ಸಿನ ಅರ್ಧ ಕಳೆದು ಬಂದವರು. ತಾಮ್ರದ ತಂತಿಯ ಸುರುಳಿಗಳನ್ನು ಅವರೇ ಸುತ್ತಿಕೊಟ್ಟರು. ನಾನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ಗಾಳಿಯಂತ್ರದ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, ಅದರ ಹಿಂಬದಿಯ ಬಾಲದ ಮೇಲೆ ಬೆರಳಿಟ್ಟರು.

"ಇದನ್ನು ಸರಿ ಮಾಡಿ ಮಾರಾಯ್ರೇ. ಗಾಳಿ ಹದವಾಗಿ ಇದ್ದರೆ ಬಾಲ ನೆಟ್ಟಗೆ ನಿಲ್ಲಬೇಕು, ಮುಖ ಗಾಳಿಗೆ ಇರಬೇಕು. ಗಾಳಿ ಜೋರಾದ್ರೆ ಬಾಲ ಮಡಚಬೇಕು, ಯಂತ್ರ ಮುಖ ತಿರುಗಿಸಬೇಕು. ಬಿಜಾಗ್ರಿ ಸಡಿಲ ಇಡಿ. ಅದು ಎದುರು ನಿಂತ್ರೆ ಮುರೀತದೆ."

"ಆಯ್ತು" ಎಂದೆ. ಅವರು ಹೇಳಿದ ಹಾಗೆಯೇ ಬಾಲವನ್ನು ಓರೆಯಾದ ಬಿಜಾಗರಿಗೆ ತೂಗಿಹಾಕಿದೆ. ಆ ಮಟ್ಟಿಗೆ ನಾನು ಒಳ್ಳೆಯ ಕೆಲಸಗಾರ.

ಕೊರಿಯರಿನಲ್ಲಿ ಬಂದ ಅಯಸ್ಕಾಂತಗಳು ಬಿಸ್ಕತ್ತಿನಷ್ಟು ದೊಡ್ಡವು. ಅಷ್ಟು ಸಣ್ಣ ವಸ್ತುವಿನಲ್ಲಿ ಅಷ್ಟು ಕ್ರೌರ್ಯ ಇರಬಹುದೆಂದು ಎಣಿಸಿರಲಿಲ್ಲ. ಅವನ್ನು ಎರಡು ಕಬ್ಬಿಣದ ತಟ್ಟೆಗಳ ಮೇಲೆ ಅಂಟಿಸಿ, ತಟ್ಟೆಗಳನ್ನು ಎದುರುಬದುರಾಗಿ ಬೋಲ್ಟಿನಿಂದ ಸ್ವಲ್ಪಸ್ವಲ್ಪವೇ ಇಳಿಸಬೇಕು. ನಾನು ಮೂರು ಬೋಲ್ಟಿನ ಬದಲು ಎರಡು ಹಾಕಿ ಅವಸರ ಮಾಡಿದೆ. ತಟ್ಟೆ ಓರೆಯಾಗಿ, ಒಮ್ಮೆಗೇ ಬಂದು ಕಚ್ಚಿತು. ಎಡಗೈಯ ಹೆಬ್ಬೆರಳಿನ ತುದಿ ನಡುವೆ ಸಿಕ್ಕಿತ್ತು. ಕಬ್ಬಿಣದ ಉಪಕರಣ ಹತ್ತಿರ ತಂದರೆ ಅದೂ ಹೋಗಿ ಅಂಟಿಕೊಳ್ಳುತ್ತದೆ. ಒಂದೇ ಕೈಯಲ್ಲಿ ಮರದ ಬೆಣೆಗಳನ್ನು ಹುಡುಕಿ, ಒಂದೊಂದೇ ತುರುಕಿ, ಕಲ್ಲಿನಿಂದ ಹೊಡೆದು ತಟ್ಟೆ ಬಿಡಿಸುವಾಗ ಕೂಗಿದೆ. ಕೇಳುವವರು ಯಾರೂ ಇರಲಿಲ್ಲ. ಉಗುರು ತಟ್ಟೆಯಲ್ಲೇ ಉಳಿಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದೇ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆಯಲು ಹೊರಟೆ. ಬಾಗಿಲವರೆಗೆ ಹೋಗಿ, ಅವಳ ಮಾತು ನೆನಪಾಗಿ, ಕೆಳಗಿಟ್ಟೆ. ಆಮೇಲೆ ಗೋಡೆಗೆ ಗುದ್ದಿದೆ. ಗೋಡೆಯನ್ನು ನಾನು ಮಾಡಿದ್ದಲ್ಲ, ಮೇಸ್ತ್ರಿ ಮಾಡಿದ್ದು.

ಹೆಬ್ಬಲಸಿನ ಹಲಗೆಯಿಂದ ಗಾಳಿಗೆ ತಿರುಗುವ ಮೂರು ಎಲೆಗಳನ್ನು ಕೆತ್ತಿದೆ. ಒಂದೊಂದೂ ನನ್ನ ಕೈ ಚಾಚಿದರೆ ಬೆರಳಿನ ತುದಿಯಿಂದ ಎದೆ ದಾಟುವಷ್ಟು ಉದ್ದ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗೆ. ಮೂರನ್ನೂ ತಕ್ಕಡಿಯಲ್ಲಿ ತೂಗಿ ಸಮ ಮಾಡಿದೆ. ಪೆಟ್ಟಿಗೆಯನ್ನೂ ರಿಪೇರಿ ಮಾಡಿ, ಬ್ಯಾಟರಿಯಿಂದಲೇ ನೇರ ಉರಿಯುವ ವಾಹನದ ಬಲ್ಬುಗಳನ್ನು ಹಾಕಿದೆ.

ಕಂಬ ಎಬ್ಬಿಸುವ ದಿನ ಬಾವ ಬಂದರು. ಬಾವ ಎಂದರೆ ಹೆಂಡತಿಯ ಅಣ್ಣ, ಅಳದಂಗಡಿಯಲ್ಲಿ ಬೇಸಾಯ ಮಾಡಿಕೊಂಡಿರುವವರು; ನಾವು ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುವುದು. ಆದರೆ ಸುತ್ತಲಿನ ಊರುಗಳಲ್ಲಿ ಅವರ ಹೆಸರಿರುವುದು ಬೇಸಾಯಕ್ಕಲ್ಲ. ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಬಾಳು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬಾಳು ಎಂದರೆ ಬೆರಳುದ್ದದ ಚೂರಿ. ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸುತ್ತಿ ಬಿಗಿದರೆ ಹುಂಜ ಸತ್ತರೂ ಗಂಟು ಜಾರುವುದಿಲ್ಲ. ಗಾಯಗೊಂಡು ಗೆದ್ದ ಹುಂಜಕ್ಕೆ ಅಲ್ಲೇ ಕೂತು ಹೊಲಿಗೆ ಹಾಕುವವರೂ ಅವರೇ. ನಾನು ಏನು ಮಾಡುತ್ತಿದ್ದೇನೆಂದು ನೋಡಿಕೊಂಡು ಬರಲು ಹೆಂಡತಿ ಅವರನ್ನು ಕಳಿಸಿದ್ದಳು. ಅವರು ಅದನ್ನು ಮುಚ್ಚಿಡಲಿಲ್ಲ.

"ನಾನು ಪಂಚಾತಿಗೆಗೆ ಬಂದದ್ದು ಬಾವ. ಕೆಲಸ ಮಾಡ್ಲಿಕ್ಕೆ ಅಲ್ಲ" ಎಂದು ಹೇಳಿ, ಮರುಕ್ಷಣ ಅಂಗಿ ಬಿಚ್ಚಿ ಕೆಲಸಕ್ಕೆ ನಿಂತರು. ಕಂಬಕ್ಕೆ ನಾಲ್ಕು ಕಡೆಯಿಂದ ಉಕ್ಕಿನ ಹಗ್ಗ, ಹಗ್ಗಕ್ಕೆ ಕೆಂಪುಕಲ್ಲಿನ ಹಾಸಿನಲ್ಲಿ ಕೊರೆದು ಹೂತ ಗೂಟಗಳು. ಬೇಕೆಂದಾಗ ಮಲಗಿಸಿ ಎಬ್ಬಿಸಲು ಒಂದು ಕಡೆಗೆ ಚೈನ್ ಬ್ಲಾಕು. ನಾವಿಬ್ಬರೇ ಸರಪಳಿ ಎಳೆದು ಕಂಬ ನಿಲ್ಲಿಸಿದೆವು. ರಸ್ತೆಯಲ್ಲಿ ಹೋಗುತ್ತಿದ್ದ ಏಳೆಂಟು ಮಂದಿ ಕೊಡೆ ಮಡಚಿ ನಿಂತರು.

ಎಲೆಗಳು ಮೊದಲು ಸೋಮಾರಿಯಾಗಿ ತಿರುಗಿದವು. ಆಮೇಲೆ ಒಂದೊಂದಾಗಿ ಕಾಣದಾದವು. ಒಳಗೆ ಓಡಿಹೋಗಿ ನೋಡಿದರೆ ಪೆಟ್ಟಿಗೆಯ ನಾಲ್ಕೂ ಬಲ್ಬು ಉರಿಯುತ್ತಿವೆ. ನನಗೆ ಅಳು ಬಂತು. ಹೊರಗೆ ಬರುವಾಗ ಮುಖ ಒರೆಸಿಕೊಂಡೆ. ಅಷ್ಟರಲ್ಲಿ ಕೆಳಗಿನ ಬಯಲಿನಿಂದ ಒಂದು ದೊಡ್ಡ ಗಾಳಿ ಹುಲ್ಲನ್ನು ಮಲಗಿಸುತ್ತ ಬಂತು. ಯಂತ್ರ ಒಮ್ಮೆ ಅಲುಗಾಡಿ, ಬಾಲ ಮಡಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿತು. ವೇಗ ಇಳಿಯಿತು. ಬಂಟ್ವಾಳದವರು ಹೇಳಿದ್ದು ಹೇಳಿದ ಹಾಗೆಯೇ ನಡೆಯಿತು.

ಬಾವ ಸೊಂಟಕ್ಕೆ ಕೈಯಿಟ್ಟು ನಕ್ಕರು. "ಎಂತ ಬಾವ, ನಿಮ್ಮ ಹುಂಜ ಬೆನ್ನು ಹಾಕಿತಲ್ಲ."

ರಸ್ತೆಯಲ್ಲಿದ್ದವರೂ ನಕ್ಕರು.

ನಮ್ಮವರಲ್ಲದವರಿಗೆ ಇದು ಬರೀ ತಮಾಷೆ ಎನಿಸಬಹುದು. ಕಣದಲ್ಲಿ ಸತ್ತ ಹುಂಜಕ್ಕೆ ಮರ್ಯಾದೆ ಉಂಟು, ಮುಖ ತಿರುಗಿಸಿದ ಹುಂಜಕ್ಕೆ ಇಲ್ಲ. ನಾನು ಸಣ್ಣವನಿದ್ದಾಗ ನನ್ನ ಅಪ್ಪನ ಹುಂಜವೊಂದು ಮೊದಲ ನೆಗೆತಕ್ಕೇ ಬೆನ್ನು ಹಾಕಿ ಜನರ ಕಾಲಿನ ಸಂದಿಯಲ್ಲಿ ನುಗ್ಗಿತು. ಅಪ್ಪ ಅದನ್ನು ಹಿಡಿದು ಮನೆಯವರೆಗೆ ಸುಮ್ಮನೆ ತಂದರು. ಅಂಗಳಕ್ಕೆ ಬಂದ ಮೇಲೆ ಕಾಲು ಹಿಡಿದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ತಲೆ ಹೋದ ಮೇಲೂ ಬಡಿದರು. ಅಮ್ಮನಿಗೆ ಅದನ್ನು ಸಾರು ಮಾಡಲೂ ಬಿಡಲಿಲ್ಲ. ನನ್ನ ಮುಖದ ಮೇಲೆ ಬಿದ್ದ ಹನಿಗಳನ್ನು ನಾನು ಒರೆಸಿಕೊಳ್ಳಲೂ ಹೆದರಿದ್ದೆ.

ಮರುದಿನ ಬೆಳಿಗ್ಗೆ ಒಬ್ಬನೇ ಕಂಬ ಮಲಗಿಸಿದೆ. ಬಾಡಿಗೆಗೊಂದು ಜನರೇಟರು, ಅಂಗಡಿಯಿಂದ ವೆಲ್ಡಿಂಗ್ ಸೆಟ್ಟು ತಂದು ಬಾಲದ ಬಿಜಾಗರಿಗೆ ಎರಡೂ ಬದಿಯಿಂದ ಬೆಸುಗೆ ಹಾಕಿದೆ. ಗ್ರಿಲ್ಲಿಗೆ ಹಾಕುವಂಥದ್ದಲ್ಲ, ಲಾರಿಯ ಚಾಸಿಗೆ ಹಾಕುವಂಥ ಬೆಸುಗೆ. ಈಗ ನೋಡುವ, ಹೇಗೆ ತಿರುಗಿಸುತ್ತಿ ಎಂದು ಅದಕ್ಕೆ ಹೇಳಿದೆ. ಬಾಯಿಬಿಟ್ಟೇ ಹೇಳಿದೆ.

ಆಮೇಲಿನ ಮೂರು ವಾರ ನನ್ನ ಬದುಕಿನ ಒಳ್ಳೆಯ ದಿನಗಳು ಎಂದು ಹೇಳಲು ನಾಚಿಕೆಯಾಗುತ್ತದೆ. ಆಟಿಯ ಗಾಳಿಗೆ ಯಂತ್ರ ಎದೆ ಕೊಟ್ಟು ನಿಂತಿತು. ಊರೆಲ್ಲ ಕತ್ತಲಿದ್ದಾಗ ನಮ್ಮ ಮನೆಯಲ್ಲಿ ಬೆಳಕು. ಎಲೆಗಳ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು. ಬಂಟ್ವಾಳದವರು ಒಮ್ಮೆ ಫೋನು ಮಾಡಿ, "ಬಾಲ ಸರಿ ಮಡಚುತ್ತದಾ?" ಎಂದು ಕೇಳಿದರು. "ಹ್ಞೂಂ, ಮಡಚುತ್ತದೆ" ಎಂದೆ. ಹೆಂಡತಿಗೂ ಫೋನು ಮಾಡಿದೆ.

"ಅಣ್ಣ ಹೇಳಿದ. ಒಳ್ಳೇದುಂಟಂತೆ" ಎಂದಳು. "ಏನೂ ಒಡೆದಿಲ್ಲ ಅಲ್ವಾ?"

"ಇಲ್ಲ. ಏನೂ ಒಡೆದಿಲ್ಲ."

ಆಟಿ ಮುಗಿಯಲು ನಾಲ್ಕು ದಿನವಿರುವಾಗ ಮಧ್ಯಾಹ್ನದ ಹೊತ್ತಿಗೆ ಆಟೋರಿಕ್ಷಾದಲ್ಲಿ ಹೆಂಡತಿ, ಬಾವ ಇಬ್ಬರೂ ಬಂದಿಳಿದರು. ಹೆಂಡತಿಯ ಮಡಿಲಲ್ಲಿ ಒಂದು ಬುಟ್ಟಿ, ಅದರ ತುಂಬ ಭತ್ತದ ಹೊಟ್ಟು, ಹೊಟ್ಟಿನೊಳಗೆ ಮೂವತ್ತು ಮೊಟ್ಟೆ. ನಾಲ್ಕು ದಿನ ಮೊದಲೇ ಬಂದದ್ದೇಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹಿಂದಿನ ದಿನದಿಂದ ಊರಲ್ಲಿ ಕರೆಂಟಿರಲಿಲ್ಲ. ಅವಳು ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ ಒಳಗೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು.

"ಕಾವು ಸರಿ ಉಂಟು" ಎಂದಳು. ನನ್ನ ಉಗುರಿಲ್ಲದ ಬೆರಳನ್ನು ನೋಡಿ, "ಇದೆಂತದು?" ಎಂದಳು. ಹೇಳಿದೆ. ಅವಳ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ನಾನು ಆ ಸಲ ಮುಖ ನೋಡಿದ್ದೆ.

ಚಹಾ ಕುಡಿಯುತ್ತಿರುವಾಗ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಮಳೆಗಿಂತ ಮೊದಲು ಬಂತು. ಕೊಟ್ಟಿಗೆಯ ಶೀಟು ಒಂದು ಕಿತ್ತುಹೋಗಿ ಬಯಲಿನಲ್ಲಿ ಉರುಳುತ್ತ ಹೋಯಿತು. ಯಂತ್ರದ ಸದ್ದು ಏರುತ್ತ ಏರುತ್ತ ಬೊಬ್ಬೆಯಾಯಿತು. ಪೆಟ್ಟಿಗೆಯ ಬಲ್ಬುಗಳು ಬೆಳ್ಳಗಾಗಿ, ಟಪ್ ಟಪ್ ಎಂದು ಸಿಡಿದವು. ಮೊಟ್ಟೆಗಳು ಪುಣ್ಯಕ್ಕೆ ಇನ್ನೂ ಬುಟ್ಟಿಯಲ್ಲೇ ಇದ್ದವು. ನಾನು ಬ್ರೇಕಿನ ಸ್ವಿಚ್ಚು ಎಳೆದೆ. ಮೂರು ತಂತಿಗಳನ್ನು ಒಟ್ಟು ಸೇರಿಸಿದರೆ ಯಂತ್ರ ತನ್ನನ್ನು ತಾನೇ ಹಿಡಿದು ನಿಲ್ಲಿಸಬೇಕು. ನಿಲ್ಲಲಿಲ್ಲ, ವೇಗ ಅಷ್ಟಿತ್ತು. ಸುಟ್ಟ ತಾಮ್ರದ ವಾಸನೆ ತಂತಿಯ ದಾರಿಯಲ್ಲೇ ಮನೆಯೊಳಗೆ ಬಂತು.

ಅಂಗಳಕ್ಕೆ ಓಡಿದೆವು. ಉಕ್ಕಿನ ಹಗ್ಗಗಳು ಅದುರಿ ಕೂಗುತ್ತಿದ್ದವು. ಮೇಲೆ ಎಲೆಗಳು ಕಾಣುತ್ತಿರಲಿಲ್ಲ, ಬರೀ ಒಂದು ಬೂದುಬಣ್ಣದ ವೃತ್ತ.

"ಬಾವ, ಅದು ಯಾಕೆ ಮುಖ ತಿರುಗಿಸುವುದಿಲ್ಲ?" ಎಂದು ಬಾವ ಕೂಗಿದರು. "ಅವತ್ತು ತಿರುಗಿಸಿತ್ತಲ್ಲ?"

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅವರು ಕಂಬದ ಬುಡಕ್ಕೆ ಹೋಗುತ್ತಿರಲಿಲ್ಲ. ಅದು ತನ್ನಷ್ಟಕ್ಕೆ ಈಗ ತಿರುಗುತ್ತದೆ, ಅಷ್ಟರಲ್ಲಿ ಕಂಬ ಮಲಗಿಸುವ ಎಂದುಕೊಂಡು ಅವರು ಚೈನ್ ಬ್ಲಾಕಿನ ಕಡೆ ಬಗ್ಗಿ ಓಡಿದರು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಬೆಸುಗೆಯ ಮಾತು ಆಡಿದರೆ ಅವಳು ಕೇಳುತ್ತಾಳೆ, ಕೇಳಿದರೆ ಹೋಗುತ್ತಾಳೆ. ನಾನು ಬಾಯಿ ಮುಚ್ಚಿದೆ. ಇಷ್ಟಕ್ಕೆ ಹಿಡಿದ ಹೊತ್ತು ಒಂದು ಉಸಿರಿನಷ್ಟು. ಇವತ್ತಿಗೂ ನಾನು ಲೆಕ್ಕ ಕೊಡಬೇಕಾದದ್ದು ಆ ಒಂದು ಉಸಿರಿಗೆ.

ಮರ ಮುರಿದ ಸದ್ದು ಕೇಳಿದ್ದು ಒಂದೇ ಸಲ. ಒಂದು ಎಲೆ ಬುಡದಿಂದ ಕಿತ್ತು ಹಾರಿತು. ಉಳಿದ ಎರಡು ಎಲೆಗಳ ಜೋಲಿಗೆ ಕಂಬ ಎಡಕ್ಕೂ ಬಲಕ್ಕೂ ಬಡಿದಾಡಿತು. ಪಡುವಣದ ಗೂಟ ಕಲ್ಲಿನ ಹೆಂಟೆಯ ಸಮೇತ ಎದ್ದು ಬಂತು. ಕಂಬ ನೆಲಕ್ಕೆ ಬಿದ್ದಾಗ ಕಾಲಿನಡಿಯ ಕಲ್ಲು ಅದುರಿತು. ಎಲೆಗಳು ಬಿದ್ದ ಮೇಲೂ ನೆಲವನ್ನು ಅಗೆಯುತ್ತ ಎರಡು ಸುತ್ತು ತಿರುಗಿ ಚೂರಾದವು.

ಬಾವ ನಿಂತೇ ಇದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಹಾರಿದ ಎಲೆ ತಾಗಿ ಮೊಣಕೈಯ ಕೆಳಗೆ ಮಾಂಸ ಬಾಯಿ ಬಿಟ್ಟಿತ್ತು, ಒಳಗೆ ಬಿಳಿಯದು ಕಾಣುತ್ತಿತ್ತು. ಮಳೆ ಆಗಲೇ ಸುರಿಯಿತು. ರಕ್ತ ನೀರಿನ ಜೊತೆ ಕಲ್ಲಿನ ಮೇಲೆ ಹರಿದು ಹೋಯಿತು. ಹೆಂಡತಿ ಸೆರಗು ಹರಿದಳು. ಅಂಥ ಹೊತ್ತಿನಲ್ಲೂ ಬಾವ ಅವಳಿಗೆ ಕಟ್ಟುವ ಬಗೆ ಹೇಳುತ್ತಿದ್ದರು: "ಅಲ್ಲಿ ಅಲ್ಲ, ಮೇಲೆ. ಇನ್ನೊಂದು ಸುತ್ತು. ಹಲ್ಲಿನಲ್ಲಿ ಕಚ್ಚಿ ಎಳಿ." ಹುಂಜಗಳಿಗೆ ಕಟ್ಟಿದ ಕೈ ಅದು.

ಬಾವ ಹಿಂತಿರುಗಲೆಂದು ಆಟೋ ಅಲ್ಲಿಯೇ ನಿಂತಿದ್ದು ಒಳ್ಳೆಯದಾಯಿತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಕೈ ಉಳಿಯುತ್ತದೆ, ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಸಂಜೆ ಬಾವನ ಮಂಚದ ಪಕ್ಕ ನಾವಿಬ್ಬರೂ ಕುಳಿತಿದ್ದೆವು. ಹೆಂಡತಿಯ ಸೀರೆಯ ಮೇಲೆ ರಕ್ತ ಒಣಗಿ ಗಟ್ಟಿಯಾಗಿತ್ತು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಗಾಳಿ ಮುರಿದದ್ದಾ, ನೀವು ಮುರಿದದ್ದಾ?"

ನಾನು ಬಾಯಿ ತೆರೆಯುವ ಮೊದಲು ಬಾವ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಗಾಳಿ. ಅಂಥ ಗಾಳಿಗೆ ಯಾವುದು ನಿಲ್ತದೆ?"

ಅಂಗಳದಲ್ಲಿ ಬಾಲ ಅವರ ಕಾಲಿನ ಹತ್ತಿರವೇ ಬಿದ್ದಿತ್ತು. ಬೆಸುಗೆಯನ್ನು ಅವರು ನೋಡಿದ್ದರು. ನೋಡಿದ್ದಾರೆ ಎಂದು ನನಗೆ ಗೊತ್ತಿತ್ತು. ಎರಡು ಬೆರಳಿನ ಬಲ ಕಳೆದುಕೊಂಡ ಮನುಷ್ಯ ನನಗಾಗಿ ತಂಗಿಯ ಹತ್ತಿರ ಸುಳ್ಳು ಹೇಳುತ್ತಿದ್ದ. ನನಗೆ ಸಿಟ್ಟು ಬಂತು. ಆದರೆ ಒಡೆಯಲು ಅಲ್ಲಿ ಏನೂ ಇರಲಿಲ್ಲ.

"ನಾನು" ಎಂದೆ. "ಬಾಲಕ್ಕೆ ವೆಲ್ಡ್ ಮಾಡಿದ್ದು ನಾನು. ಎಲ್ಲರೂ ನಕ್ಕರು ಅಂತ. ಬಾವ ಬುಡಕ್ಕೆ ಹೋಗುವಾಗ ಹೇಳಬಹುದಿತ್ತು. ಹೇಳಲಿಲ್ಲ."

ಹೊರಗೆ ಆಂಬುಲೆನ್ಸೊಂದು ಹಿಂದಕ್ಕೆ ಬರುತ್ತ ಕೀಂ ಕೀಂ ಎನ್ನುತ್ತಿತ್ತು. ಕೊನೆಗೆ ಅವಳು ಹೇಳಿದಳು: "ಅಣ್ಣನ ಜೊತೆಗೆ ನಾನು ಅಳದಂಗಡಿಗೆ ಹೋಗ್ತೇನೆ. ಮೊಟ್ಟೆಯ ಬುಟ್ಟಿ ಮನೆಯಲ್ಲಿ ಉಂಟು. ಪೆಟ್ಟಿಗೆಗೆ ಹಾಕಿ. ಇಪ್ಪತ್ತೊಂದು ದಿನ. ನಿಮ್ಮ ಕೈಯಲ್ಲಿ ಆಗ್ತದಾ ನೋಡುವ."

ಬೇರೆ ಬಲ್ಬು ಹಾಕಿದೆ. ಯಂತ್ರವಿಲ್ಲ, ಇನ್ವರ್ಟರಿಲ್ಲ. ಹೊಸದಾಗಿ ಕೊಂಡದ್ದೂ ಸೇರಿ ಎರಡು ಬ್ಯಾಟರಿಗಳಲ್ಲಿ ಒಂದು ಪೆಟ್ಟಿಗೆಗೆ, ಇನ್ನೊಂದು ಅಂಗಡಿಯಲ್ಲಿ ಚಾರ್ಜಿಗೆ. ದಿನಕ್ಕೆರಡು ಸಲ ಸ್ಕೂಟರಿನಲ್ಲಿ ಅದಲುಬದಲು. ಕರೆಂಟು ಇದ್ದರೂ ನಂಬಲಿಲ್ಲ. ಪ್ರತಿ ಮೊಟ್ಟೆಗೂ ಒಂದು ಬದಿಗೆ ಗೆರೆ, ಇನ್ನೊಂದು ಬದಿಗೆ ಸೊನ್ನೆ ಬರೆದು, ದಿನಕ್ಕೆ ಮೂರು ಸಲ ತಿರುಗಿಸಿದೆ. ಕಬ್ಬಿಣ ಬಗ್ಗಿಸುವ ಬೆರಳುಗಳಿಗೆ ಮೊಟ್ಟೆ ಹಿಡಿಯಲು ಬರುವುದಿಲ್ಲ. ಮೊದಲ ದಿನವೇ ಒಂದು ಒಡೆಯಿತು. ಹನ್ನೆರಡನೆಯ ದಿನ ಥರ್ಮೋಸ್ಟಾಟು ಕೈಕೊಟ್ಟು, ನಾನು ಬರುವಷ್ಟರಲ್ಲಿ ಪೆಟ್ಟಿಗೆ ಬಿಸಿಯಾಗಿತ್ತು. ಮುಚ್ಚಳ ತೆಗೆದು, ಕಾವು ಇಳಿಸಿ, ವಯರು ಸರಿಮಾಡಿದೆ. ಆಮೇಲೆ ಸರಳು ತೆಗೆದುಕೊಂಡು ಅಂಗಳಕ್ಕೆ ಹೋಗಿ, ಮಳೆಯಲ್ಲಿ ಬಿದ್ದಿದ್ದ ಯಂತ್ರದ ಹಬ್ಬಿಗೆ ಕೈ ಸೋಲುವವರೆಗೆ ಹೊಡೆದೆ. ಅಯಸ್ಕಾಂತಗಳು ಪುಡಿಯಾದವು, ಅಂಗೈಯ ಚರ್ಮ ಸುಲಿಯಿತು. ನಾನು ಒಳ್ಳೆಯವನಾದೆ ಎಂದು ಯಾರಿಗೂ ಹೇಳುತ್ತಿಲ್ಲ. ಪೆಟ್ಟಿಗೆಯಿರುವ ಕೋಣೆಯಿಂದ ಹೊರಗೆ ನಡೆದೆ ಎಂದಷ್ಟೇ ಹೇಳುತ್ತಿದ್ದೇನೆ.

ಬಾವ ಆ ನಡುವೆ ಎರಡು ಸಲ ಫೋನು ಮಾಡಿದರು. "ಇನ್ನು ಬಾಳು ಕಟ್ಟಲಿಕ್ಕೆ ಆಗುವುದಿಲ್ಲ ಬಾವ. ಊರಿನ ಹುಂಜಗಳು ನಿಮಗೆ ಸನ್ಮಾನ ಮಾಡ್ತವಂತೆ" ಎಂದರು. ನಾನು ನಗಲಾರದೆ ಹೋದೆ. "ನಗಿ ಮಾರಾಯ್ರೇ" ಎಂದರು. ಹೆಂಡತಿ ಫೋನಿಗೆ ಬರಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಕಿಂಡಿಯಲ್ಲಿ ನೋಡಿದಾಗ ಮೂಲೆಯ ಮೊಟ್ಟೆಯೊಂದರಲ್ಲಿ ಬಿರುಕು ಕಂಡಿತು. ಒಳಗೆ ಕುಟ್ಟುವ ಸದ್ದು. ನಿಂತಿತು. ಮತ್ತೆ ಕುಟ್ಟಿತು. ಅಂಗಡಿಗೆ ಹೋಗಲಿಲ್ಲ. ಹತ್ತು ಗಂಟೆಗೆ ಅಕ್ಕಿಕಾಳಿನಷ್ಟು ತೂತಾಗಿತ್ತು, ಹನ್ನೆರಡಕ್ಕೂ ಅಷ್ಟೇ. ಒಳಗಿನಿಂದ ಕೊಕ್ಕಿನ ತುದಿ ಕಾಣುತ್ತಿತ್ತು, ಅದು ಅಲುಗುತ್ತಿರಲಿಲ್ಲ. ನನ್ನ ಬಲಗೈ ತಾನಾಗಿ ಮುಚ್ಚಳದ ಮೇಲೆ ಹೋಗಿತ್ತು. ಒಂದು ಉಗುರು ಸಾಕು, ಒಂದು ಚೂರು ಚಿಪ್ಪು ಅಷ್ಟೇ. ಕೈಗಳೆರಡನ್ನೂ ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕುಳಿತೆ. ಹೊರಗೆ ಗಾಳಿ ಎದ್ದಿತು, ಕರೆಂಟು ಹೋಯಿತು. ಬ್ಯಾಟರಿ ಇತ್ತು.

ಎರಡು ಗಂಟೆ ದಾಟಿದ ಮೇಲೆ ಬಿರುಕು ಮೊಟ್ಟೆಯ ಸುತ್ತ ಓಡಿತು. ಚಿಪ್ಪು ಎರಡಾಯಿತು. ಒದ್ದೆಯಾದ, ಕುರೂಪವಾದ, ಕುತ್ತಿಗೆ ಎತ್ತಲಾಗದ ಒಂದು ಜೀವ ಹೊರಗೆ ಬಿದ್ದು ಏದುಸಿರು ಬಿಟ್ಟಿತು. ನನ್ನ ಕೈಗಳು ಜೋಮು ಹಿಡಿದಿದ್ದವು. ಫೋನು ಒತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು.

ಈ ಸಲ ಅವಳೇ ಎತ್ತಿದಳು. ಮರಿ ಕೂಗಿದ್ದು ಅವಳಿಗೂ ಕೇಳಿರಬೇಕು.

"ನೀವು ಒಡೆದದ್ದಾ?" ಎಂದು ಕೇಳಿದಳು.

"ಅಲ್ಲ" ಎಂದೆ. "ಅದೇ ಒಡೆಯಿತು. ನಾನು ಮುಟ್ಟಲಿಲ್ಲ."

"ಮೈ ಒಣಗಲಿ" ಎಂದಳು. "ನಾನು ಬರುವವರೆಗೆ ಪೆಟ್ಟಿಗೆಯಿಂದ ತೆಗೀಬೇಡಿ."